ಅವ್ವ ಎಡಗೈಲೆ ನೀಡಲಿಲ್ಲ

ಲಕ್ವ ಹೊಡೆದ ಮೇಲೆ ಅವ್ವನನ್ನು ಆಸ್ಪತ್ರೆಯಿಂದ ಮಾನ್ವಿಯ ಮನೆಗೆ ಕರೆತಂದ ದಿನ ನಮ್ಮಿಬ್ಬರಿಗೂ ಜಗಳವಾಯಿತು. ಬಲಗಾಲು ಎಳೆಯುತ್ತಿದ್ದರೂ ಗೋಡೆ ಹಿಡಿದು ನಡೆಯುತ್ತಿದ್ದಳು. ಮಾತು ತುಸು ತೊದಲಿದರೂ ತಿಳಿಯುತ್ತಿತ್ತು. ಬಲಗೈ ಮಾತ್ರ ಹೆಗಲಿನಿಂದ ಜೋತುಬಿದ್ದಿತ್ತು, ಯಾರೋ ಮರೆತು ಬಿಟ್ಟುಹೋದ ಚೀಲದ ಹಾಗೆ. ಮಧ್ಯಾಹ್ನ ಅನ್ನ ಸಾರು ಕಲಸಿ ತಾಟನ್ನು ಮುಂದಿಟ್ಟು, "ಎಡಗೈಲೆ ಉಣ್ಣು" ಎಂದೆ. ಅವ್ವ ತಾಟನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ನಾನು ವಾದಕ್ಕೆ ಇಳಿದೆ. ನನಗೆ ಬರುವುದು ಅದೊಂದೇ. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಶೀಲ್ಡುಗಳು ಮನೆಯ ಗೂಡಿನಲ್ಲಿ ಜೋಳದ ಡಬ್ಬಿಯ ಪಕ್ಕ ಸಾಲಾಗಿ ನಿಂತಿದ್ದವು. ಎಡಗೈ ಬಲಗೈ ಎರಡರಲ್ಲೂ ಹರಿಯುವುದು ಒಂದೇ ರಕ್ತ ಎಂದೆ. ಸೋಪು ಹಚ್ಚಿ ತೊಳೆದರೆ ಎರಡೂ ಒಂದೇ ಎಂದೆ. ಒಂದೇ ಮೈಯ ಎರಡು ಕೈಗಳಲ್ಲಿ ಒಂದನ್ನು ಮೇಲು ಒಂದನ್ನು ಕೀಳು ಎಂದವರೇ ಆಮೇಲೆ ಮನುಷ್ಯರನ್ನೂ ಹಾಗೆ ವಿಂಗಡಿಸಿದರು, ನಮ್ಮನ್ನು ಯಾವ ಕಡೆ ಇಟ್ಟರು ಎಂಬುದು ನಿನಗೂ ಗೊತ್ತು ಎಂದೆ. ಈ ಕೊನೆಯ ಮಾತಿಗೆ ಕಾಲೇಜಿನಲ್ಲಿ ಚಪ್ಪಾಳೆ ಬೀಳುತ್ತಿತ್ತು.

ದೇವದುರ್ಗದಿಂದ ಅವ್ವನ ಆರೈಕೆಗೆಂದು ಬಂದಿದ್ದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ತಾಟನ್ನು ತನ್ನ ಕಡೆ ಎಳೆದುಕೊಂಡಳು.

"ವಕೀಲವ್ವ, ನಿನ್ನ ಕೋರ್ಟು ಮುಗೀತೇನು? ಮುಗದಿತ್ತಂದ್ರ ಆಕಿ ಒಂದ್ ತುತ್ತು ಉಣ್ಣಲಿ."

ಅಂದಿನಿಂದ ಅವ್ವನಿಗೆ ದೊಡ್ಡವ್ವನೇ ತುತ್ತು ಮಾಡಿ ಉಣ್ಣಿಸತೊಡಗಿದಳು. ವಾದದಲ್ಲಿ ಒಂದು ಅಂಶಕ್ಕೂ ಉತ್ತರ ಬಂದಿರಲಿಲ್ಲ. ಆದರೂ ಸೋತವಳು ನಾನೇ.

ಅವ್ವ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಬೇಯಿಸುವವರು ಇಬ್ಬರಾದರೂ ಸಾಲಿನ ಮುಂದೆ ಬಕೆಟ್ಟು ಹಿಡಿದು ನೀಡುವವಳು ಅವ್ವನೇ. ಯಾವ ಮಗು ಬೆಳಿಗ್ಗೆ ಉಪವಾಸ ಬರುತ್ತದೆ, ಯಾವುದು ಬೇಳೆ ಮುಟ್ಟುವುದಿಲ್ಲ, ಯಾವುದು ಎರಡನೆಯ ಸಲ ಕೇಳಲು ನಾಚುತ್ತದೆ ಎಂಬುದೆಲ್ಲ ಅವಳ ಸೌಟಿಗೆ ಗೊತ್ತಿತ್ತು. ಲಕ್ವ ಹೊಡೆದದ್ದು ಸಂಕ್ರಾಂತಿ ಕಳೆದ ವಾರ. ಮರುವಾರ ಹೆಡ್ ಮೇಡಂ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದರು.

"ಬ್ಯಾಸಗಿ ಸೂಟಿ ಮುಗದು ಶಾಲಿ ಸುರು ಆಗೋ ತನಕ ನಿಮ್ಮ ಜಾಗ ಹಂಗೇ ಇರ್ತದವ್ವ. ಬೇಯಿಸೋದು ಇನ್ನೊಬ್ಬಾಕಿ ನೋಡ್ಕೋತಾಳ. ನೀವು ನೀಡಾಕ ಬಂದ್ರ ಸಾಕು. ಅದೂ ಆಗ್ಲಿಲ್ಲಂದ್ರ ನಾ ಬ್ಯಾರೇದೋರ್ನ ಹುಡುಕಬೇಕಾಗ್ತದ ನೋಡ್ರಿ."

ಅವರು ಹೋದ ಮೇಲೆ ನಾನು ಮತ್ತೆ ಬಾಯಿ ತೆರೆದೆ. "ಎಡಗೈಲೆ ನೀಡಿದ್ರ ಆತಲ್ಲ. ನಾಳಿಂದ ರೂಢಿ ಮಾಡು."

ಅವ್ವ ನಿಧಾನಕ್ಕೆ ಒಂದೊಂದೇ ಮಾತು ಕೂಡಿಸಿ ಹೇಳಿದಳು: "ಎಡಗೈಲೆ ಹಾಕಿದ್ರ ಅದು ನೀಡೋದಲ್ಲ. ಒಗಿಯೋದು. ನಾಯಿಗೆ ಒಗದಂಗ."

ಹಾಗಾಗಿ ನಮ್ಮ ಮನೆಯಲ್ಲಿ ಆ ಬೇಸಿಗೆಗೆ ಇದ್ದದ್ದು ಒಂದೇ ಪ್ರಶ್ನೆ. ಶಾಲೆ ತೆರೆಯುವಷ್ಟರಲ್ಲಿ ಬಲಗೈ ಒಂದು ಸೌಟು ಎತ್ತುತ್ತದೆಯೋ ಇಲ್ಲವೋ.

ದೊಡ್ಡವ್ವನ ಬಳಿ ಉತ್ತರ ಸಿದ್ಧವಿತ್ತು. ದೇವದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಲಕ್ವಕ್ಕೆ ಎಣ್ಣೆ ಕೊಡುತ್ತಾರಂತೆ.

"ಪುರಾವೆ ಏನು?" ಎಂದೆ.

"ನಮ್ಮ ಭಾವನ ಕೈ. ಎಣ್ಣಿ ಹಚ್ಚಿ ತಿಂಗಳದಾಗ ಬೀಡಿ ಹಚ್ಚಾಕತ್ತ."

"ಒಬ್ಬನ ಕೈ ಪುರಾವೆ ಆಗಂಗಿಲ್ಲ ದೊಡ್ಡವ್ವ. ಎಣ್ಣಿ ಹಚ್ಚದೇನೂ ಆರಾಮ ಆಗ್ತಿತ್ತೇನೋ, ಯಾರಿಗೆ ಗೊತ್ತು?"

"ಹಂಗಾದ್ರ ನಿಂದೇನದ, ಅದನ್ನ ತೋರ್ಸು."

ನಾನು ತೋರಿಸಿದ್ದು ರಾಯಚೂರಿನ ಒಂದು ಫಿಸಿಯೋಥೆರಪಿ ಕೇಂದ್ರ. ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ವಾರಕ್ಕೆರಡು ದಿನ ಮಾನ್ವಿಯಿಂದ ಕೆಂಪು ಬಸ್ಸಿನಲ್ಲಿ ಅವ್ವನನ್ನು ದೊಡ್ಡವ್ವ ಕರೆತರುತ್ತಿದ್ದಳು, ಬಸ್ ನಿಲ್ದಾಣದಲ್ಲಿ ನಾನು ಕೂಡಿಕೊಳ್ಳುತ್ತಿದ್ದೆ. ಅಲ್ಲಿನ ಫಿಸಿಯೋ ನನಗಿಂತ ನಾಲ್ಕೈದು ವರ್ಷ ದೊಡ್ಡವನಿದ್ದ ಯುವಕ. ಫೋನು ಬಂದರೆ ಮನೆಯವರ ಜೊತೆ ದಖ್ಖನಿ ಉರ್ದುವಿನಲ್ಲಿ ಮಾತಾಡಿ, ಫೋನಿಟ್ಟು ನಮ್ಮ ಜೊತೆ ಅಚ್ಚ ರಾಯಚೂರು ಕನ್ನಡಕ್ಕೆ ಬರುತ್ತಿದ್ದ. ಮೊದಲ ಮೂರು ವಾರ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಅವ್ವನ ಕೈಯಿಟ್ಟು, "ಮುಂದಕ್ಕ ಸರಿಸ್ರಿ ಅವ್ವಾರ" ಎನ್ನುತ್ತಿದ್ದ. ಕೈ ಸರಿಯುತ್ತಿರಲಿಲ್ಲ. ಹೆಗಲಲ್ಲಿ ಒಂದು ಸಣ್ಣ ಮಿಡುಕು ಬಂದು ಅಲ್ಲೇ ಆರಿಹೋಗುತ್ತಿತ್ತು. ಎರಡನೆಯ ವಾರಕ್ಕೇ ಅವ್ವನಿಗೆ ಬೇಸರ ಬಂತು, ಮೂರನೆಯ ವಾರ ಟವೆಲ್ಲಿನ ಗೆರೆಗಳನ್ನು ಎಣಿಸುತ್ತ ಕೂತಳು.

ನಾಲ್ಕನೆಯ ವಾರ ಅವನು ಕಪ್ಪು ಪೆಟ್ಟಿಗೆಯೊಂದನ್ನು ತಂದ. ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ಟು. ಅದರ ಮೂತಿಯಲ್ಲಿರುವ ಸಣ್ಣ ಕ್ಯಾಮೆರಾಗಳು ಕೈಯ ಚಲನೆಯನ್ನು ಹಿಡಿಯುತ್ತವೆ, ಒಳಗೆ ಇನ್ನೊಂದು ಲೋಕದಲ್ಲಿ ಇನ್ನೊಂದು ಕೈ ಹಾಗೆಯೇ ಆಡುತ್ತದೆ, ಒಳಗಿರುವವರು ನೋಡುವುದು ಗೋಡೆಯ ಟಿವಿಯಲ್ಲಿ ನಮಗೂ ಕಾಣುತ್ತದೆ ಎಂದು ವಿವರಿಸಿದ.

ದೊಡ್ಡವ್ವ ಅದನ್ನು ತಿರುವಿ ಮುರುವಿ ನೋಡಿದಳು. "ಗಾಣದ ಎತ್ತಿಗೆ ಕಣ್ಣು ಕಟ್ಟತಾರಲ್ಲ, ಅದೇ ಇದು."

ನನ್ನ ಆಕ್ಷೇಪ ಬೇರೆಯದು. ಇದಕ್ಕೂ ದೊಡ್ಡವ್ವನ ಎಣ್ಣೆಗೂ ಏನು ವ್ಯತ್ಯಾಸ ಎಂದು ಕೇಳಿದೆ. ಇದು ಕರೆಂಟಿನ ತಾಯಿತ ತಾನೇ?

"ಇದರಿಂದಾನೇ ಆರಾಮ ಆಗ್ತದ ಅಂತ ನಾ ಹೇಳಂಗಿಲ್ರಿ," ಎಂದ ಅವನು. "ಕೈ ಸಾವಿರ ಸಲ ಎತ್ತಬೇಕು, ಅದಷ್ಟೇ ನನಗ ಗೊತ್ತು. ಬರೇ ಗೋಡಿ ನೋಡ್ಕೋತ ಸಾವಿರ ಸಲ ಯಾರ್ ಎತ್ತತಾರ? ನೀವು ಎತ್ತತೀರೇನು?"

"ಆಕಿ ಕೈ ಆಡದೇ ಇಲ್ಲ. ಒಳಗಿನ ಕೈ ಹೆಂಗ ಆಡ್ತದ?"

"ಎರಡು ಬೆರಳಷ್ಟು ಆಡಿದ್ರ ಒಳಗ ಒಂದು ಗೇಣು ಆಡಿದಂಗ ತೋರ್ಸಬಹುದು. ಇಲ್ಲಿ ಸೆಟ್ಟಿಂಗ್ ಅದ."

ನನಗೆ ಬೇಕಾದದ್ದು ಸಿಕ್ಕಿತು. "ಅಂದ್ರ ಸುಳ್ಳು ತೋರಿಸ್ತೀರಿ."

ಅವನು ಹೆಡ್‌ಸೆಟ್ಟಿನ ಗಾಜು ಒರೆಸುತ್ತಲೇ ಕೇಳಿದ: "ನೀವು ಭಾಷಣ ಮಾಡ್ತೀರಂತಲ್ರಿ. ಮೈಕ್ ಹಿಡ್ಕೊಂಡು ಮಾತಾಡಿದ್ರ ಅದು ಸುಳ್ಳೇನು? ದನಿ ನಿಮ್ದೇ ಅಲ್ಲೇನು?"

ಎದುರಾಳಿ ಒಳ್ಳೆಯ ಮಾತು ಹೇಳಿದಾಗ ಮುಖದಲ್ಲಿ ತೋರಿಸಿಕೊಳ್ಳಬಾರದು ಎಂಬುದು ಚರ್ಚೆಯ ಮೊದಲ ಪಾಠ. ನಾನು ಟಿವಿಯ ಕಡೆ ತಿರುಗಿದೆ.

ಒಳಗಿದ್ದದ್ದು ಒಂದು ಹಣ್ಣಿನ ಬಂಡಿ. ಹಿಂದೆ ನೀಲಿ ಆಕಾಶ, ಮುಂದೆ ಗುಡ್ಡೆ ಹಾಕಿದ ಕಿತ್ತಳೆ. ಬಂಡಿಯ ಹಿಂದೆ ನಿಂತವರು, ಅಂದರೆ ಅವ್ವ, ಬಂದವರಿಗೆ ಹಣ್ಣು ಕೊಡಬೇಕು. ಆಟ ಅಷ್ಟೇ. ಮೊದಲು ಆರಾಮವಾಗಿರುವ ಕೈಯಲ್ಲಿ ಆಡಿ ಕಲಿತು, ಆಮೇಲೆ ಲಕ್ವದ ಕೈಗೆ ಬರಬೇಕೆಂಬುದು ಕ್ರಮ. ಫಿಸಿಯೋ ಹೆಡ್‌ಸೆಟ್ಟು ಕಟ್ಟಿ, ಅವ್ವನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟ. ಬಂಡಿಯ ಮುಂದೆ ಒಂದು ಹೆಣ್ಣುಮಗು ಬಂದು ನಿಂತಿತು. ಹಳದಿ ಕೂದಲು, ಗುಂಡು ಮುಖ, ಯಾವ ದೇಶದ್ದೋ ಏನೋ. ಎರಡೂ ಅಂಗೈ ಮುಂದೆ ಚಾಚಿತು.

"ಯಾರ ಕೂಸದು?" ಎಂದಳು ಅವ್ವ.

"ಅದಕ್ಕ ಹಣ್ಣು ಕೊಡ್ರಿ ಅವ್ವಾರ. ಮೊದ್ಲು ಎಡಗೈಲೆ."

ಅವ್ವ ಅಲುಗಾಡಲಿಲ್ಲ. ಫಿಸಿಯೋ ಮತ್ತೆ ಹೇಳಿದ, ಆಮೇಲೆ ಇನ್ನಷ್ಟು ಜೋರಾಗಿ ಹೇಳಿದ. ಅವ್ವನಿಗೆ ಆಟ ತಿಳಿದಿಲ್ಲ ಎಂದುಕೊಂಡು ಅವಳ ಎಡಗೈ ಹಿಡಿದು ತೋರಿಸಲು ಹೋದ. ಅವಳು ಕೈ ಕೊಸರಿಕೊಂಡು ಎಡಗೈಯನ್ನು ಸೀರೆಯ ಕೆಳಗೆ, ತೊಡೆಯಡಿಗೆ ಒತ್ತಿ ಕೂತುಬಿಟ್ಟಳು. ಏನು ನಡೆಯುತ್ತಿದೆ ಎಂದು ಆ ಕೋಣೆಯಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ನನಗೆ ನಾಚಿಕೆಯಾಯಿತು. "ಯವ್ವಾ, ಅದು ಗೊಂಬಿ. ಖರೇ ಕೂಸಲ್ಲ. ಯಾವ ಕೈಲೆ ಕೊಟ್ರೇನು?"

"ಗೊಂಬಿಯಾದ್ರೇನು," ಎಂದಳು ಅವ್ವ. "ಕೈ ಚಾಚಿ ನಿಂತದಲ್ಲ."

ಮಗು ಕೈ ಚಾಚಿಕೊಂಡೇ ನಿಂತಿತ್ತು. ಅದು ಮುಖ ಸಿಂಡರಿಸಲಿಲ್ಲ, ಆ ಕಡೆ ಈ ಕಡೆ ನೋಡಲಿಲ್ಲ. ಮೈಯಿಲ್ಲದ ಆ ಮಗುವಿಗೆ ಕಾಯುವುದೊಂದು ಮಾತ್ರ ಗೊತ್ತಿತ್ತು. ಅವ್ವನ ಉಸಿರು ಜೋರಾದದ್ದು ಕೇಳಿಸಿತು. ಕತ್ತಿನ ನರ ಉಬ್ಬಿತು. ಬಲ ಹೆಗಲು ತುಸು ಮೇಲೆದ್ದು ಬಿತ್ತು, ಮತ್ತೆ ಎದ್ದಿತು. ಫಿಸಿಯೋ ಸದ್ದಿಲ್ಲದೆ ಲ್ಯಾಪ್‌ಟಾಪಿನ ಬಳಿ ಹೋಗಿ ಸೆಟ್ಟಿಂಗ್ ಏರಿಸಿದ. ಮೇಜಿನ ಮೇಲೆ, ಮೂರು ವಾರ ಟವೆಲ್ಲಿನ ಮೇಲೆ ಸತ್ತಂತೆ ಬಿದ್ದಿದ್ದ ಕೈ, ಒಂದು ಬೆರಳಿನ ಅಗಲ ಮುಂದಕ್ಕೆ ಜರುಗಿತು.

ಟಿವಿಯಲ್ಲಿ ಅದು ಎದ್ದು ಕಿತ್ತಳೆಯ ಗುಡ್ಡೆ ದಾಟಿತು.

ಎಷ್ಟು ಹೊತ್ತು ಹಿಡಿಯಿತೋ ನಾನು ನೋಡಲಿಲ್ಲ. ಹಣ್ಣು ಮೂರು ಸಲ ಜಾರಿಬಿತ್ತು. ನಾಲ್ಕನೆಯ ಸಲ ಮಗುವಿನ ಅಂಗೈಯಲ್ಲಿ ಕೂತಿತು. ಅವ್ವ "ತಗೋ" ಎಂದಳು, ಶಾಲೆಯಲ್ಲಿ ಎನ್ನುವಷ್ಟೇ ಸಹಜವಾಗಿ. ಹೆಡ್‌ಸೆಟ್ಟು ಬಿಚ್ಚಿದಾಗ ಅವಳ ಮುಖವೆಲ್ಲ ಬೆವೆತಿತ್ತು. ದೊಡ್ಡವ್ವ ಸೆರಗಿನಿಂದ ಒರೆಸಿದಳು. ನನ್ನ ರೋಮಗಳು ನಿಂತಿದ್ದವು, ಅವನ್ನು ಮುಚ್ಚಿಕೊಳ್ಳಲು ತೋಳು ಕಟ್ಟಿಕೊಂಡೆ.

ನಾನು ಎರಡು ವಾದಗಳನ್ನು ಕಟ್ಟಿಕೊಂಡಿದ್ದೆ. ಒಂದು, ಎಡಬಲದ ಕಟ್ಟಳೆ ಬರೀ ಮೂಢನಂಬಿಕೆ. ಇನ್ನೊಂದು, ಈ ಪೆಟ್ಟಿಗೆ ಬರೀ ಗಾರುಡಿ. ಎರಡೂ ನನ್ನ ಕಣ್ಣೆದುರೇ ಒಂದರ ಕೈ ಒಂದು ಹಿಡಿದುಕೊಂಡು ಹೋದವು. ಕಟ್ಟಳೆ ಇಲ್ಲದಿದ್ದರೆ ಅವ್ವ ಎಡಗೈಯಲ್ಲಿ ಕೊಟ್ಟು ಸುಮ್ಮನಾಗುತ್ತಿದ್ದಳು. ಪೆಟ್ಟಿಗೆ ಇಲ್ಲದಿದ್ದರೆ ಒಂದು ಬೆರಳಿನ ಅಗಲದ ಆಟವನ್ನು ಅವಳೂ ನಾವೂ ಕಾಣುತ್ತಲೇ ಇರಲಿಲ್ಲ. ಆರಾಮವಾಗಿರುವ ಕೈಯನ್ನು ಕಟ್ಟಿಹಾಕಿ ಸೋತ ಕೈಗೆ ಕೆಲಸ ಕೊಡುವ ಪದ್ಧತಿ ಚಿಕಿತ್ಸೆಯಲ್ಲೇ ಇದೆ ಎಂದು ಫಿಸಿಯೋ ಆಮೇಲೆ ಹೇಳಿದ. ಅದಕ್ಕೆಂದೇ ಆರಾಮದ ಕೈಗೆ ಚೀಲದಂಥ ಗವಸು ತೊಡಿಸುತ್ತಾರಂತೆ. "ನಿಮ್ಮವ್ವಗ ಚೀಲ ಬೇಕಾಗಿಲ್ಲ ಬಿಡ್ರಿ. ಆಕಿ ತಾನೇ ಕಟ್ಕೊಂಡು ಬಂದಾಳ."

ಅಂದು ಹೊರಡುವ ಮುನ್ನ ನಾನೂ ಒಮ್ಮೆ ಹೆಡ್‌ಸೆಟ್ಟು ಕಟ್ಟಿಕೊಂಡೆ. ಪರೀಕ್ಷಿಸಲು ಎಂದು ಹೇಳಿದೆ. ಬಂಡಿ, ಆಕಾಶ, ಹಳದಿ ಕೂದಲು. ಎಲ್ಲ ಸುಳ್ಳು ಎಂದು ತಿಳಿದಿದ್ದರೂ ಆ ಮಗು ಕೈ ಚಾಚಿದಾಗ ತಡಮಾಡದೆ ಹಣ್ಣು ಎತ್ತಿಕೊಂಡೆ. ಹಣ್ಣು ಕೊಟ್ಟು, ಪೆಟ್ಟಿಗೆ ಬಿಚ್ಚಿ, ಏನೋ ಟೀಕೆ ಮಾಡಲು ಹೊರಟೆ. ದೊಡ್ಡವ್ವ ನಗುತ್ತ ಕೂತಿದ್ದಳು.

"ಮೊಬೈಲು ಯಾವ ಕೈಯಾಗಿತ್ತು ನಿಂದು?"

ನೋಡಿಕೊಂಡೆ. ಮೊಬೈಲು ಎಡಗೈಯಲ್ಲಿತ್ತು. ಕಟ್ಟಿಕೊಳ್ಳುವಾಗ ಬಲಗೈಯಲ್ಲಿ ಹಿಡಿದಿದ್ದೆ. ಖಾಲಿ ಇದ್ದ ಎಡಗೈಯಲ್ಲಿ ಕೊಡಬಹುದಿತ್ತು. ಮೊಬೈಲನ್ನು ಆ ಕೈಗೆ ದಾಟಿಸಿ, ಬಲಗೈ ಖಾಲಿ ಮಾಡಿಕೊಂಡು, ಇಲ್ಲದ ಮಗುವಿಗೆ ಇಲ್ಲದ ಹಣ್ಣನ್ನು ಬಲಗೈಯಲ್ಲೇ ಕೊಟ್ಟಿದ್ದೆ.

"ಎಲ್ಲಾ ಕೈ ಒಂದೇ ಅಲ್ಲೇನವ್ವ ವಕೀಲವ್ವ," ಎಂದಳು ದೊಡ್ಡವ್ವ.

ಬಿಸಿಲು ಏರುತ್ತ ಹೋಯಿತು. ಬಸ್ಸಿನ ಕಿಟಕಿಯ ಸರಳು ಮುಟ್ಟಲಾಗದಷ್ಟು ಕಾಯುತ್ತಿತ್ತು. ಅವ್ವ ಒಂದು ದಿನವೂ ತಪ್ಪಿಸಲಿಲ್ಲ. ಟವೆಲ್ಲಿನ ಮುಂದೆ ಬೇಸತ್ತಿದ್ದವಳು ಈಗ ಬಸ್ಸು ತಡವಾದರೆ, "ಆ ಕೂಸು ಕಾಯ್ತಿರ್ತದ" ಎಂದು ಗೊಣಗುತ್ತಿದ್ದಳು. ತಮಾಷೆಗೆ ಹೇಳುತ್ತಾಳೋ ನಿಜಕ್ಕೂ ಹೇಳುತ್ತಾಳೋ ನನಗೆ ಕೊನೆಗೂ ಗೊತ್ತಾಗಲಿಲ್ಲ.

ಇತ್ತ ಫಿಸಿಯೋ ವಾರ ವಾರ ಸೆಟ್ಟಿಂಗನ್ನು ಇಳಿಸುತ್ತಿದ್ದ. ಅವ್ವನಿಗೆ ಹೇಳುತ್ತಿರಲಿಲ್ಲ. ಒಳಗಿನ ಕೈ ಒಂದು ಗೇಣು ಆಡಲು ಮೊದಲು ಎರಡು ಬೆರಳಿನಷ್ಟು ಆಡಿದರೆ ಸಾಕಿತ್ತು, ಆಮೇಲೆ ನಾಲ್ಕು ಬೆರಳಿನಷ್ಟು ಬೇಕಾಯಿತು. ನಾನು ಒಂದು ಕಣ್ಣು ಟಿವಿಯ ಮೇಲೆ, ಒಂದು ಕಣ್ಣು ಮೇಜಿನ ಮೇಲೆ ಇಟ್ಟು ಕೂರುತ್ತಿದ್ದೆ. ಎರಡು ಕೈಗಳ ನಡುವಿನ ಅಂತರ ಕಿರಿದಾಗುತ್ತಿತ್ತು. ಒಂದು ಕೈ ಬೆಳಕಿನದು, ಒಂದು ಕೈ ನನಗೆ ಜಡೆ ಹಾಕಿದ್ದು. ಬೆಳಕಿನದು ಮುಂದೆ ನಡೆದು ಕರೆಯುತ್ತಿತ್ತು, ಇದು ಏದುಸಿರು ಬಿಡುತ್ತ ಹಿಂದೆ ಹೋಗುತ್ತಿತ್ತು. ನಾನು ನೋಡಿದ ಯಾವ ಗುಡಿಯಲ್ಲೂ ಹೀಗೆ ಕಣ್ಣು ಕೀಳದೆ ಕೂತಿರಲಿಲ್ಲ.

ಏಪ್ರಿಲಿನಲ್ಲಿ ಒಂದು ದಿನ ಅವನು ಸೆಟ್ಟಿಂಗನ್ನು ತುಸು ಹೆಚ್ಚೇ ಇಳಿಸಿದನೆಂದು ಕಾಣುತ್ತದೆ. ಅವ್ವನಿಂದ ಒಂದು ಹಣ್ಣೂ ಆಗಲಿಲ್ಲ. "ಇವತ್ತು ಹಣ್ಣು ದೂರ ಅದಾವ" ಎಂದು ಪೆಟ್ಟಿಗೆ ಬಿಚ್ಚಿಸಿಕೊಂಡಳು. ಅಂದು ನಾನೂ ಅವರ ಜೊತೆ ಮಾನ್ವಿಯ ಬಸ್ಸು ಹತ್ತಿದೆ. ಕಿಟಕಿಯಾಚೆ ಕೊಯ್ಲಾದ ಭತ್ತದ ಗದ್ದೆಗಳು ಕೂಳೆಯಷ್ಟೇ ಉಳಿಸಿಕೊಂಡು ಹಿಂದೆ ಸರಿಯುತ್ತಿದ್ದವು. ಅವ್ವ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದಳು. ಶಾಲೆ ತೆರೆಯಲು ಉಳಿದ ವಾರಗಳನ್ನು ಅವಳು ಎಣಿಸುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗಲಿಲ್ಲ.

"ಯವ್ವಾ, ಒಂದ್ ಮಾತು. ಒಳಗ ಕಾಣ್ತದಲ್ಲ, ಅಷ್ಟು ನಿನ್ನ ಕೈ ಆಡಾಕತ್ತಿಲ್ಲ. ಅವ್ರು ದೊಡ್ಡದು ಮಾಡಿ ತೋರಿಸ್ತಾರ. ಇವತ್ತು ಕಡಿಮಿ ಮಾಡ್ಯಾರ. ಹಣ್ಣೇನು ದೂರ ಹೋಗಿಲ್ಲ."

"ಗೊತ್ತದ," ಎಂದಳು ಅವ್ವ.

"ಏನ್ ಗೊತ್ತದ?"

"ನನ್ನ ಕೈ ನನಗ ಗೊತ್ತಿರಂಗಿಲ್ಲೇನು? ಮೊದಲ್ನೇ ದಿನಾನೇ ಗೊತ್ತಿತ್ತು."

"ಮತ್ತ ಯಾಕ ಸುಮ್ಮನಿದ್ದಿ?"

ಬಸ್ಸು ಒಂದು ಹಳ್ಳಿಯಲ್ಲಿ ನಿಂತು ಜನ ಹತ್ತಿ ಇಳಿದರು. ಮತ್ತೆ ಹೊರಟ ಮೇಲೆ ಅವ್ವ ಹೇಳಿದಳು. ಮಾತು ತೊದಲುವುದರಿಂದ ಒಂದೊಂದೇ ತುಂಡಾಗಿ ಬಂತು.

"ನೀ ನಡಿಯಾಕ ಕಲಿಯುವಾಗ ನಿನ್ನ ಎರಡೂ ರಟ್ಟಿ ನಾನೇ ಹಿಡದಿದ್ದೆ. ನಾನೇ ನಡದೆ, ನಾನೇ ನಡದೆ ಅಂತ ಕುಣಿತಿದ್ದಿ. ನಾ ಏನರ ಅಂದೆನೇನು?"

ದೊಡ್ಡವ್ವ ಮುಂದಿನ ಸೀಟಿನಿಂದ ತಿರುಗಿ ನೋಡಿದಳು. ನನ್ನ ಮುಖ ನೋಡಿ, ಈ ಸಲ ಕೆಣಕದೆ ಮತ್ತೆ ಮುಂದಕ್ಕೆ ತಿರುಗಿದಳು. ಅದು ಅವಳ ದೊಡ್ಡತನ.

ಮೇ ತಿಂಗಳಲ್ಲಿ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಬಕೆಟ್ಟಿಗೆ ಜೋಳ ತುಂಬಿ, ಸಣ್ಣ ಸೌಟು ಹಾಕಿ ಅವ್ವ ಕಟ್ಟೆಯ ಮೇಲೆ ಕೂರುವಳು. ದೊಡ್ಡವ್ವ ಎದುರಿಗೆ ತಾಟು ಹಿಡಿದು ಶಾಲೆಯ ಮಗುವಾಗುವಳು.

"ಆಯಾ, ನನಗ ಸ್ವಲ್ಪ ಜಾಸ್ತಿ ನೀಡ್ರಿ. ನಮ್ಮವ್ವ ಮುಂಜಾನಿ ಏನೂ ಮಾಡಿಲ್ಲ."

"ನಿಮ್ಮವ್ವ ನನಗೂ ಅವ್ವ. ಆಕಿ ಹೋಗಿ ಇಪ್ಪತ್ತು ವರ್ಷಾತು. ಸುಮ್ಮನ ಹಿಡಿ ತಾಟು."

ಸೌಟು ಮೇಲೇಳುವಷ್ಟರಲ್ಲಿ ದೊಡ್ಡವ್ವನ ತೋಳು ಸೋತುಹೋಗುತ್ತಿತ್ತು. "ಲಗೂನ ಯವ್ವಾ. ನಾ ಆ ಹಳದಿ ಕೂದಲಿನಾಕಿ ಅಲ್ಲ, ನನ್ನ ಕೈಯಾಗ ಎಲುಬದಾವ." ಅರ್ಧ ಜೋಳ ತಾಟಿಗೆ, ಅರ್ಧ ನೆಲಕ್ಕೆ. ಅಂಗಳದ ಕೋಳಿಗಳು ಆ ತಿಂಗಳು ಚೆನ್ನಾಗಿ ಮೈತುಂಬಿಕೊಂಡವು.

ಆ ದಿನಗಳಲ್ಲೇ ನಾನೊಂದು ಗಮನಿಸಿದೆ. ಸೌಟು ನಡುಗತೊಡಗಿದರೆ ಅವ್ವ ಎಡಗೈಯನ್ನು ತಂದು ಬಲಗೈಯ ಮೊಣಕೈಗೆ ಮುಟ್ಟಿಸುತ್ತಿದ್ದಳು. ನಮ್ಮಲ್ಲಿ ದೊಡ್ಡವರಿಗೆ, ಬೀಗರಿಗೆ, ಮನೆ ಬಾಗಿಲಿಗೆ ಬಂದ ಸ್ವಾಮಿಗೆ ಏನಾದರೂ ಕೊಡುವಾಗ ಹಾಗೆಯೇ ಕೊಡುತ್ತೇವೆ, ಬಲಗೈ ಮುಂದೆ, ಎಡಗೈ ಮೊಣಕೈಯಡಿ. ಅದು ಮರ್ಯಾದೆಯ ರೀತಿ. ಈಗ ಆ ಮರ್ಯಾದೆಯ ಮೇಲೆಯೇ ಬಲಗೈಯ ಅರ್ಧ ಭಾರ ಕೂತಿತ್ತು. ಫಿಸಿಯೋಗೆ ತೋರಿಸಿದಾಗ, "ಇದು ನಾ ಹೇಳಿಕೊಟ್ಟಿದ್ದಲ್ರಿ" ಎಂದಷ್ಟೇ ಹೇಳಿ, ಎದ್ದು ಬಂದು ಇನ್ನೊಮ್ಮೆ ಮಾಡಿಸಿ ನೋಡಿದ.

ಶಾಲೆ ತೆರೆದ ದಿನ ನಾವು ಮೂವರೂ ಹೋದೆವು. ಹೆಡ್ ಮೇಡಂ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಜೊತೆಯ ಅಡುಗೆಯವಳು ಅನ್ನ ನೀಡುವಳು, ಸಾಂಬಾರು ಅವ್ವನದು ಎಂದು ನಿಗದಿಯಾಗಿತ್ತು. ಬಕೆಟ್ಟನ್ನು ಸ್ಟೂಲಿನ ಮೇಲಿಟ್ಟರು. ಮಕ್ಕಳು ತಾಟು ಬಡಿಯುತ್ತ ಸಾಲು ನಿಂತರು. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಸೌಟು ಹಿಡಿದು, ಎಡಗೈಯನ್ನು ಮೊಣಕೈಯಡಿ ತಂದಳು.

ಮೊದಲನೆಯ ಹುಡುಗನಿಗೆ ಅರ್ಧ ಸೌಟು ಬಿತ್ತು. ಎರಡನೆಯವನಿಗೆ ತುಸು ಹೆಚ್ಚು. ಹೊಸದಾಗಿ ಸೇರಿದ ಮಕ್ಕಳು, ತಮಗೆ ಬೀಗರಿಗೆ ಕೊಡುವ ಹಾಗೆ ಸಾಂಬಾರು ಕೊಡುತ್ತಿರುವ ಈ ಹೆಂಗಸನ್ನು ಬೆರಗಿನಿಂದ ನೋಡಿದರು. ಒಬ್ಬ ತಾನೂ ಎಡಗೈಯನ್ನು ಮೊಣಕೈಗೆ ಮುಟ್ಟಿಸಿ ತಾಟು ಹಿಡಿದ. ಅವನ ಹಿಂದಿನವರೂ ಹಾಗೆಯೇ ಮಾಡಿದರು. ಸಾಲಿನ ನಡುವೆ ಬರುವಷ್ಟರಲ್ಲಿ ಅವ್ವನ ಕೈ ನಡುಗುವುದು ದೂರಕ್ಕೂ ಕಾಣುತ್ತಿತ್ತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ದೊಡ್ಡವ್ವ ನನ್ನ ದುಪಟ್ಟಾ ಹಿಡಿದೆಳೆದಳು.

ಆಗ ಎರಡು ಜಡೆಯ ಒಬ್ಬ ಹುಡುಗಿ ಬಂದು ನಿಂತಳು. ಸೌಟು ಬಕೆಟ್ಟಿನ ಅಂಚಿನವರೆಗೆ ಎದ್ದು ಅಲ್ಲೇ ನಿಂತುಬಿಟ್ಟಿತು. ಇನ್ನೊಂದು ಗೇಣು ಏರಬೇಕು, ಏರುತ್ತಿಲ್ಲ. ಆ ಪೆಟ್ಟಿಗೆಯ ಮಗುವಾಗಿದ್ದರೆ ಕೈ ಚಾಚಿಕೊಂಡು ಸಂಜೆಯವರೆಗೆ ಹಾಗೇ ನಿಂತಿರುತ್ತಿತ್ತು. ಈ ಹುಡುಗಿ ಸೌಟನ್ನು ನೋಡಿದಳು, ಅವ್ವನ ಮುಖ ನೋಡಿದಳು, ಮೊಣಕಾಲು ತುಸು ಬಗ್ಗಿಸಿ ತಾಟನ್ನು ತಂದು ಸೌಟಿನ ಕೆಳಗೆ ಹಿಡಿದಳು.

"ಇಲ್ಲೇ ಹಾಕ್ರಿ ಆಯಾ. ನಿಮ್ಮನ್ನ ಸಂಕ್ರಾಂತಿಯಿಂದ ನೋಡೇ ಇಲ್ಲ."

"ತಗೋ," ಎಂದಳು ಅವ್ವ.

ಹಿಂದಿದ್ದವರೆಲ್ಲ ತಾಟು ತಗ್ಗಿಸಿ ಹಿಡಿದೇ ಬಂದರು. ಸಾಲು ಮುಗಿಯಿತು. ಹೆಡ್ ಮೇಡಂ ಬಾಗಿಲಿನಿಂದಲೇ, "ನಾಳಿ ಹತ್ತಕ್ಕ ಬರ್ರಿ ಅವ್ವ" ಎಂದು ಒಳಗೆ ಹೋದರು.

ದೊಡ್ಡವ್ವ ನನ್ನ ದುಪಟ್ಟಾ ಬಿಟ್ಟಳು. "ಒಬ್ಬರ ಕೈ ಪುರಾವೆ ಆಗಂಗಿಲ್ಲ, ಅಲ್ಲೇನು?"

"ಆಗಂಗಿಲ್ಲ," ಎಂದೆ. ಆ ಮಾತನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ. ಪೆಟ್ಟಿಗೆಯೋ, ಕಟ್ಟಳೆಯೋ, ಬರೀ ಕಾಲವೋ, ಯಾವುದು ಎಷ್ಟು ಮಾಡಿತೆಂದು ಬೇರ್ಪಡಿಸಿ ಹೇಳಲು ನನ್ನಿಂದಾಗದು. ಆದರೆ ಅದನ್ನು ಹೇಳುವಾಗಲೂ ನಾನು ನೋಡುತ್ತಿದ್ದದ್ದು ಅವ್ವನ ಕಡೆಗೇ. ಅಡುಗೆ ಕೋಣೆಯ ಕಟ್ಟೆಯ ಮೇಲೆ ಅವಳು ಕೂತಿದ್ದಳು. ಜೊತೆಯವಳು ಒಂದು ತಾಟು ತಂದು ಮುಂದಿಟ್ಟಳು. ತುತ್ತು ಮಾಡಿ ಉಣ್ಣಿಸಲು ದೊಡ್ಡವ್ವ ರೂಢಿಯಂತೆ ಕೈ ತೊಳೆಯಲು ಹೊರಟಳು. ಅವ್ವ ಬೇಡವೆಂದು ತಲೆಯಾಡಿಸಿ, ಎಡಗೈಯನ್ನು ಮೊಣಕೈಯಡಿ ಇಟ್ಟು, ಬಲಗೈಯನ್ನು ಅನ್ನದ ಕಡೆಗೆ ನಿಧಾನಕ್ಕೆ ಇಳಿಸಿದಳು.